ಶಾಲೆ ನೋಡುವ ಶಾಸ್ತ್ರ

ಅವರ ಬಲಗೈಯ ಬೆರಳುಗಳು ಎರಡನೆಯ ಗೆಣ್ಣಿನವರೆಗೆ ಬೆಳ್ಳಗಿದ್ದವು. ದೂರದಿಂದ ನೋಡಿದವರು ಸೀಮೆಸುಣ್ಣದ ಪುಡಿ ಎಂದುಕೊಳ್ಳುತ್ತಿದ್ದರು. ಶಾಲೆಯಲ್ಲಿ ಕಲಿಸುವ ಅಕ್ಕೋರು, ಹಾಗೆ ಅಂದುಕೊಳ್ಳುವುದು ಸಹಜ. ಹತ್ತಿರ ಬಂದರೆ ತುಟಿಯ ಎಡ ಅಂಚಿನಲ್ಲೂ ಅಂಥದೇ ಒಂದು ಬಿಳಿ ಕಲೆ ಕಾಣುತ್ತಿತ್ತು. ಅದು ತೊನ್ನು. ಹುಕ್ಕೇರಿಯ ಆಸ್ಪತ್ರೆಯಲ್ಲಿ ನರ್ಸ್ ಆಗಿ ತಲೆ ನರೆಸಿಕೊಂಡ ನನಗೆ ಅದು ಅಂಟುವ ರೋಗವಲ್ಲ ಎಂದು ಗೊತ್ತು. ಓಣಿಯ ಎಲ್ಲರಿಗೂ ಗೊತ್ತಿರಲಿಲ್ಲ. ಹೊಸದಾಗಿ ಬಂದ ತಾಯಂದಿರು ಮಗುವನ್ನು ಸೆರಗಿನ ಹಿಂದಕ್ಕೆ ಎಳೆದುಕೊಂಡು, "ಅಕ್ಕೋರ, ಇದು ಹತ್ತತೈತೇನ್ರಿ?" ಎಂದು ಕೇಳಿಯೇ ಬಿಡುತ್ತಿದ್ದರು.

"ಹತ್ತಂಗಿಲ್ಲವಾ. ಹತ್ತೂದಾಗಿದ್ರ ನಾ ಇಷ್ಟ ವರ್ಷ ಕೈ ಆಡಿಸಿದ ಕರಿ ಹಲಗಿ ಇಷ್ಟೊತ್ತಿಗಿ ಬೆಳ್ಳಗ ಆಗಿರತಿತ್ತು," ಎನ್ನುತ್ತಿದ್ದರು.

ಕೇಳಿದವರು ನಗುತ್ತಿದ್ದರು. ಇಂಥ ಪ್ರಶ್ನೆ ಕೇಳಿದೆನಲ್ಲ ಎಂದು ನಾಚಿಕೊಳ್ಳಲು ಅವರಿಗೆ ಸಮಯವೇ ಸಿಗುತ್ತಿರಲಿಲ್ಲ. ಎದುರಿಗಿದ್ದವರಿಗೆ ನಾಚಿಕೆಯಾಗುವ ಮೊದಲೇ ಅದನ್ನು ದಾಟಿಸಿಬಿಡುವುದು ಅಕ್ಕೋರ ಗುಣ. ನನ್ನನ್ನೂ ಹಾಗೆಯೇ ದಾಟಿಸಿದರು.

ಗೋಕಾಕದ ನಮ್ಮ ಓಣಿಯ ತುದಿಯಲ್ಲಿ ಒಂದರಿಂದ ಐದನೆಯ ತರಗತಿಯವರೆಗಿನ ಸರಕಾರಿ ಕನ್ನಡ ಶಾಲೆ ಇದೆ. ಅವರು ಅದರ ಮುಖ್ಯೋಪಾಧ್ಯಾಯಿನಿ. ಹುಕ್ಕೇರಿ ಕಡೆಯ ಹಳ್ಳಿಯವರು. ಕಲ್ಲೋಳಿಯಲ್ಲಿ, ಮೂಡಲಗಿಯಲ್ಲಿ ಕಲಿಸಿ ಇಲ್ಲಿಗೆ ವರ್ಗವಾಗಿ ಬಂದಿದ್ದರು. ಮದುವೆಯಾಗಿರಲಿಲ್ಲ. ಶಾಲೆಯ ಹಿಂದಿನ ಸಾಲಿನಲ್ಲಿ ಒಂದು ಬಾಡಿಗೆ ಮನೆ, ಬಾಗಿಲಲ್ಲಿ ಒಂದು ತುಳಸಿ. ಓಣಿಯಲ್ಲಿ ಬೇರೆ ಶಿಕ್ಷಕಿಯರೂ ಇದ್ದರು, ಆದರೆ ಅಕ್ಕೋರು ಎಂದರೆ ಅವರೇ.

ಓಣಿಗೆ ನಾನು ಇಂದಿಗೂ ನರ್ಸ್ ಬಾಯಾರು; ನಿವೃತ್ತಳಾದ ಮೇಲೂ ಪಾಳಿ ಬಿಟ್ಟವಳಲ್ಲ. ಬೆಳಗ್ಗೆ ಐದಕ್ಕೆ ಏಳುತ್ತೇನೆ, ಹಾಸಿಗೆಯ ಮೂಲೆಗಳನ್ನು ಆಸ್ಪತ್ರೆಯ ರೀತಿಯಲ್ಲೇ ಮಡಚುತ್ತೇನೆ, ಕುದಿಸಿದ ನೀರನ್ನು ಮುಚ್ಚಿಡುತ್ತೇನೆ. ಯಾವ ಕೆಲಸವಾದರೂ ಅದರ ಹೊತ್ತಿಗೆ ಆಗಬೇಕು. ಮಗಳು, ಅಳಿಯ ಮೂಡಲಗಿಯಲ್ಲಿ ಬೀಜ, ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದಾರೆ. ಬಿತ್ತನೆಯ ಕಾಲದಲ್ಲಿ ಅವರಿಗೆ ಉಣ್ಣಲು ಪುರಸೊತ್ತಿರುವುದಿಲ್ಲ. ಮಗು ಶಿಸ್ತಿನಲ್ಲಿ ಬೆಳೆಯಲಿ ಎಂದು ಮೊಮ್ಮಗಳನ್ನು ನನ್ನ ಬಳಿ ಬಿಟ್ಟರು. ಗೋಕಾಕದ ದೊಡ್ಡ ಇಂಗ್ಲಿಷ್ ಶಾಲೆಯೊಂದಕ್ಕೆ ಹಾಕುವುದೆಂದು ಮೊದಲೇ ಮಾತಾಗಿತ್ತು. ಬೀಗರಿಗೆ, ಅಕ್ಕಪಕ್ಕದವರಿಗೆ ಹೇಳಿಯೂ ಆಗಿತ್ತು. ಹೇಳಿದವಳು ನಾನೇ.

ಮೊಮ್ಮಗಳಿಗೆ ಉಗ್ಗು. ಮನೆಯಲ್ಲಿ ತಡವರಿಸಿಕೊಂಡಾದರೂ ನನ್ನನ್ನು ಆಯಿ ಎಂದು ಕರೆದು ಮಾತಾಡುತ್ತಿದ್ದಳು. ಹೊಸಿಲು ದಾಟಿದರೆ ಬಾಯಿ ಬಿಡುತ್ತಿರಲಿಲ್ಲ. ಆ ಶಾಲೆಯಲ್ಲಿ ಮಕ್ಕಳನ್ನು ಕೂರಿಸಿ ಹೆಸರು, ಬಣ್ಣ, ಹಣ್ಣು ಕೇಳುತ್ತಾರೆ. ಇವಳು ಮೇಜಿನ ಮುಂದೆ ನಿಂತು ತನ್ನ ಹೆಸರನ್ನೂ ಹೇಳಲಿಲ್ಲ. ಮೇಜಿನ ಆಚೆಗಿದ್ದ ಹೆಣ್ಣುಮಗಳು ನಯವಾಗಿಯೇ ಹೇಳಿದಳು: "ನಮ್ಮಲ್ಲಿ ಆಗಂಗಿಲ್ರಿ ಅಜ್ಜಿ. ಇಂಥಾ ಮಕ್ಕಳಿಗಿ ಬ್ಯಾರೆ ಸಾಲಿ ಇರತಾವ, ವಿಚಾರ ಮಾಡ್ರಿ."

ಹಿಂದೆ ಕುರ್ಚಿಗಳಲ್ಲಿ ಉಳಿದ ತಂದೆ ತಾಯಂದಿರು ಕೂತಿದ್ದರು. ಅವರಲ್ಲಿ ಒಬ್ಬಾಕೆ ನನ್ನ ಕೈಯಲ್ಲೇ ಹೆರಿಗೆಯಾದವಳು. ನನ್ನ ಮುಖ ನೋಡಬಾರದೆಂದು ತನ್ನ ಮೊಬೈಲ್ ನೋಡತೊಡಗಿದಳು. ಒಳ್ಳೆಯ ಮನಸ್ಸಿನಿಂದಲೇ ಹಾಗೆ ಮಾಡಿದಳು. ಅದನ್ನು ನಾನು ಇವತ್ತಿಗೂ ಮರೆತಿಲ್ಲ. ಮನೆಗೆ ಬರುವಾಗ ಮಾರ್ಕೆಟ್ ದಾರಿ ಬಿಟ್ಟು ಹಿಂದಿನ ಓಣಿಯಿಂದ ಬಂದೆವು. ಯಾಕೆ ಈ ಕಡೆಯಿಂದ ಎಂದು ಮಗು ಕೇಳಲಿಲ್ಲ.

ಆಮೇಲೆ ಬೇರೆ ಶಾಲೆಯ ಮೆಟ್ಟಿಲು ಹತ್ತಲು ನನಗೆ ಧೈರ್ಯ ಬರಲಿಲ್ಲ. ಮತ್ತೊಂದು ಮೇಜಿನ ಮುಂದೆ ಅವಳನ್ನು ನಿಲ್ಲಿಸುವುದು ಹೇಗೆ? ಜೂನ್ ಮುಗಿಯುತ್ತ ಬಂತು. ಓಣಿಯ ಮಕ್ಕಳೆಲ್ಲ ಪಾಟಿಚೀಲ ಹಾಕಿಕೊಂಡು ಹೋಗುವಾಗ ಇವಳು ಕಿಟಕಿಯ ಸರಳು ಹಿಡಿದು ನಿಲ್ಲುತ್ತಿದ್ದಳು. ಕೊನೆಗೆ, ದಿನಾ ಮುಂದೆಯೇ ಹಾದುಹೋದರೂ ನಾನು ಎಂದೂ ಒಳಗೆ ಇಣುಕದ ಓಣಿಯ ಶಾಲೆಗೆ ಹೊರಟೆ.

ಇಸ್ತ್ರಿಯ ಸೀರೆ ಉಟ್ಟು, ಕೈಗಡಿಯಾರ ಕಟ್ಟಿಕೊಂಡು, ವಾರ್ಡಿಗೆ ಹೋಗುವವಳ ಹಾಗೆ ಹೋದೆ. ಸೇರಿಸಿಕೊಳ್ಳಿ ಎನ್ನಲಿಲ್ಲ. "ಸಾಲಿ ನೋಡಾಕ ಬಂದೇನ್ರಿ. ಎಲ್ಲಾ ಬರೋಬ್ಬರಿ ಅನಿಸಿದ್ರ ವಿಚಾರ ಮಾಡತೇವಿ," ಎಂದೆ.

ಅಕ್ಕೋರು ನನ್ನ ಮುಖವನ್ನು ಒಂದು ಗಳಿಗೆ ನೋಡಿದರು. ಮಗುವಿನ ಮುಖವನ್ನೂ ನೋಡಿದರು. "ಬರ್ರಿ ಬಾಯಾರ, ಬರ್ರಿ. ನೋಡೇ ಹೆಸರ ಹಚ್ಚಬೇಕ್ರಿ. ನೋಡಲಾರದ ಹಚ್ಚಿದವರನ ನಾ ಒಳಗ ಬಿಟಗೊಳ್ಳಂಗಿಲ್ಲ."

ಅಂಗಳದಲ್ಲಿ ಬೇವಿನ ನೆರಳಿಗೆ ಬೆಂಚು ಹಾಕಿಸಿ, ಅದರ ಮೇಲೆ ಒಗೆದ ಚಾದರ ಹಾಸಿದರು. ಬಿಸಿಯೂಟದ ಅಡಿಗೆಯಾಕೆ ನೀರು ತಂದಳು, ಹಿಂದೆಯೇ ಒಗ್ಗರಣೆ ಅವಲಕ್ಕಿ, ಚಹಾ. ನನಗೆ ಗೊಂದಲವಾಯಿತು. "ಇದೇನ್ರಿ ಅಕ್ಕೋರ, ಇದೆಲ್ಲಾ ಯಾಕ?"

"ಹೆಣ್ಣ ನೋಡಾಕ ಬಂದವರಿಗಿ ಬರೇ ನೀರ ಕೊಟ್ಟ ಕಳಸ್ತಾರೇನ್ರಿ? ಇಲ್ಲಿ ಸಾಲೀನ ಹೆಣ್ಣು. ನಾ ಹೆಣ್ಣಿನ ಕಡಿಯಾಕಿ. ನೀವು ಗಂಡಿನ ಕಡಿಯವರು. ತಲಿ ಎತ್ತಿ ಕೇಳ್ರಿ, ಏನೇನ ಕೇಳೂದೈತಿ." ಅವಲಕ್ಕಿಯ ತಟ್ಟೆಯನ್ನು ನನ್ನ ಕಡೆ ಸರಿಸಿ ಮುಂದುವರಿಸಿದರು: "ಮೊದಲ ಐಬು ಹೇಳಿಬಿಡತೇನಿ, ಆಮ್ಯಾಗ ಮುಚ್ಚಿಟ್ರು ಅನಬ್ಯಾಡ್ರಿ. ಒಂದನೇತ್ತೆ ಎರಡನೇತ್ತೆ ಒಂದ ಖೋಲ್ಯಾಗ ಕುಂದರತಾವ. ನಳದ ನೀರ ದಿನಾ ಬರಂಗಿಲ್ಲ, ಟಾಕಿ ತುಂಬಿಸಿ ಇಟಗೋತೇವಿ. ಮಳಿ ಜೋರ ಆದ್ರ ಆ ಮೂಲಿ ಸೋರತೈತಿ, ಹುಡುಗರು ಈ ಕಡಿ ಸರೀತಾವ. ಇಂಗ್ಲಿಷ್ ನಾನ ಕಲಸತೇನಿ. ನನ್ನ ಇಂಗ್ಲಿಷ್ ಅಷ್ಟಕ್ಕಷ್ಟರಿ."

ಯಾವ ಶಾಲೆಯವರೂ ಹೀಗೆ ಹೇಳಿದ್ದನ್ನು ನಾನು ಕೇಳಿರಲಿಲ್ಲ. ಎದ್ದು ನೋಡಲು ಹೊರಟೆ. ಸರಿಯಾಗಿಯೇ ನೋಡಿದೆ. ಶೌಚಾಲಯದ ಬಾಗಿಲ ಚಿಲಕ ಎಳೆದು ನೋಡಿದೆ. ನೀರಿನ ಟಾಕಿಯ ಮುಚ್ಚಳ ತೆಗೆಸಿದೆ. ಅಕ್ಕಿಯ ಡಬ್ಬಿಗೆ ಮೂಗು ಒಡ್ಡಿ ಮೂಸಿದೆ. ಕಿಟಕಿಯ ಅಂಚಿನ ಮೇಲೆ ಬೆರಳು ಎಳೆದು ಧೂಳು ಪರೀಕ್ಷೆ ಮಾಡಿದೆ. ಎರಡನೆಯ ತರಗತಿಯ ಹುಡುಗಿಯೊಬ್ಬಳಿಂದ ಪಾಠ ಓದಿಸಿದೆ, ನಿಲ್ಲದೆ ಓದಿದಳು. ಹಲವು ವಾರಗಳ ಮೇಲೆ ನನ್ನ ಬೆನ್ನು ನೆಟ್ಟಗಾಗಿತ್ತು. ಖುಷಿಯೂ ಆಗುತ್ತಿತ್ತು, ಯಾಕೆ ಸುಳ್ಳು ಹೇಳಲಿ.

"ನಳದ ಕೆಳಗ ಪಾಚಿ ಐತಿ," ಎಂದೆ.

ಅಕ್ಕೋರು ಅಡಿಗೆಯಾಕೆಯನ್ನು ಕೂಗಿದರು. "ಕೇಳಿದೇನವಾ? ಬಾಯಾರು ಪಾಚಿ ಹಿಡದಾರ. ಇವತ್ತ ತಿಕ್ಕಿಸಿಬಿಡೂಣು."

"ನಿನ್ನಿ ತಿಕ್ಕೇನ್ರಿ ಅಕ್ಕೋರ!"

"ನಿನ್ನಿ ತಿಕ್ಕಿದ್ದು ನಿನ್ನಿಗಾತು. ಗಂಡಿನ ಕಡಿಯವರು ಇವತ್ತ ಬಂದಾರ."

ತಿರುಗಿ ಬಂದು ನೋಡಿದರೆ ಮೊಮ್ಮಗಳು ಅಕ್ಕೋರ ಬಲಗೈಯನ್ನು ತನ್ನ ಮಡಿಲಲ್ಲಿಟ್ಟುಕೊಂಡು, ಲಂಗದ ಅಂಚಿನಿಂದ ಬೆರಳುಗಳನ್ನು ಒರೆಸುತ್ತಿದ್ದಳು. ಜೋರಾಗಿ, ಹಲ್ಲು ಕಚ್ಚಿಕೊಂಡು. ನಾನು ಓಡಿ ಹೋಗಿ ಗದರಿದೆ. "ಏ, ಬಿಡ ಅದನ!"

"ಇರಲಿ ಬಿಡ್ರಿ. ಸುಣ್ಣ ಅಂತ ತಿಳದಾಳ." ಅವಳ ಕಡೆ ಬಾಗಿದರು. "ಹೋಗಂಗಿಲ್ಲವಾ ಅದು. ತಿಕ್ಕಿ ತಿಕ್ಕಿ ನಾನೂ ದಣದೇನಿ."

ಮಗು ಮುಖ ಎತ್ತಿತು. ತುಟಿ ಅಲುಗಿತು. "ಯಾ... ಯಾ..."

ಅವಳ ಮಾತನ್ನು ನಾನು ಮುಗಿಸುವುದು ರೂಢಿ. ಬಾಯಿ ತೆರೆದೆ. ಅಕ್ಕೋರು ಆ ಬಿಳಿ ಕೈಯನ್ನು ನನ್ನ ಕಡೆ ಎತ್ತಿ ತಡೆದರು. ಅಷ್ಟರಲ್ಲಿ ಐದನೆಯ ತರಗತಿಯ ಹುಡುಗಿ ಗಂಟೆ ಹೊಡೆಯಲು ಕಬ್ಬಿಣದ ಸರಳು ಎತ್ತಿದ್ದಳು. ಅವಳಿಗೂ ಕೈ ಮಾಡಿ ನಿಲ್ಲಿಸಿದರು. ಇಡೀ ಶಾಲೆಯೇ ಕಾದಂತೆ ನನಗನಿಸಿತು.

"ಯಾ... ಯಾ... ಯಾಕ?" ಎಂದಳು ಮೊಮ್ಮಗಳು.

ಮನೆಯ ಹೊರಗೆ ಅವಳು ಆಡಿದ ಮೊದಲ ಮಾತು ಅದು.

"ಗೊತ್ತಿಲ್ಲವಾ ನನಗೂ," ಎಂದರು ಅಕ್ಕೋರು. ಆಮೇಲೆ ಗಂಟೆಯವಳ ಕಡೆ ತಲೆಯಾಡಿಸಿದರು.

ನನಗೆ ಅಳು ಬರಬೇಕಿತ್ತು. ಬಂದದ್ದು ಬೇರೆ. ಗಡಿಯಾರ ನೋಡಿ, "ಗಂಟಿ ತಡ ಆತು," ಎಂದೆ.

"ಆತ್ರಿ. ಅದೂ ಒಂದು ಐಬು ಈ ಸಾಲೀದು."

ಆಗ ನನ್ನ ಜೋರು ಇಳಿದುಹೋಯಿತು. ಈ ಒಂದು ಬಾಗಿಲೂ ಮುಚ್ಚಿಕೊಂಡರೆ ಎಂಬ ಹೆದರಿಕೆ ಹತ್ತಿತು. "ಹಂಗಾರ ಇವತ್ತ ಹೆಸರ ಹಚ್ಚಕೋರಿ ಅಕ್ಕೋರ," ಎಂದಾಗ ನನ್ನ ದನಿ ನನಗೇ ಬೇಡುವವಳ ದನಿಯಂತೆ ಕೇಳಿತು. ಇನ್ನೊಂದು ಮಾತು ಆಡಿದ್ದರೆ ಕೈ ಮುಗಿಯುತ್ತಿದ್ದೆ. ಅವರು ಅಲ್ಲಿಯವರೆಗೆ ಹೋಗಗೊಡಲಿಲ್ಲ.

"ಇವತ್ತ ಬ್ಯಾಡ್ರಿ. ಹೆಣ್ಣ ನೋಡಿದ ದಿನಾನ ಹ್ಞೂಂ ಅಂತಾರೇನು? ನಮ್ಮ ಸಾಲೀಗೂ ಒಂದು ಮರ್ಯಾದಿ ಐತಿ, ನಿಮ್ಮ ಮನಿತನಕ್ಕೂ ಐತಿ. ಮನಿಗಿ ಹೋಗ್ರಿ, ಮಗಳ ಕೂಡ ಅಳಿಯಾರ ಕೂಡ ಕುಂತ ಮಾತಾಡ್ರಿ. ನಾಳಿ ಹೇಳಿ ಕಳಸ್ರಿ."

ಸಂಜೆ ಮೂಡಲಗಿಗೆ ಫೋನು ಮಾಡಿದೆ. ಬೇರೆ ದಾರಿಯೇ ಇಲ್ಲವೆಂದು ಮೂವರಿಗೂ ಗೊತ್ತಿತ್ತು. ಆದರೂ ಅಳಿಯ ಟಾಕಿಯ ನೀರಿನ ಬಗ್ಗೆ ಕೇಳಿದರು, ಮಗಳು ಶೌಚಾಲಯದ ಬಗ್ಗೆ ಕೇಳಿದಳು. ನಾನು ವರದಿ ಒಪ್ಪಿಸಿದೆ. ಆರಿಸಿಕೊಳ್ಳುವವರ ಹಾಗೆಯೇ ಮಾತಾಡಿದೆವು. ಬಹಳ ದಿನಗಳ ಮೇಲೆ ಮಗಳು ಫೋನಿನಲ್ಲಿ ನಕ್ಕಳು.

ಮರುದಿನ ಹೋಗಿ, "ನಮಗ ಒಪ್ಪಿಗಿ ಐತ್ರಿ," ಎಂದೆ. ಅಕ್ಕೋರು ಕುರ್ಚಿಯಿಂದ ಎದ್ದು ನಿಂತರು. ಒಂದು ಸಣ್ಣ ಡಬ್ಬಿಯಿಂದ ನನ್ನ ಅಂಗೈಗೆ, ಮಗುವಿನ ಅಂಗೈಗೆ ಸಕ್ಕರೆ ಹಾಕಿದರು. ಆಮೇಲೆಯೇ ಹೆಸರು ಹಚ್ಚಿದ್ದು.

ಈ ಮರ್ಯಾದೆ ನನಗೆ ಸಂದದ್ದು ಎಂದು ಒಂದು ವರ್ಷ ನಂಬಿದ್ದೆ. ನಿವೃತ್ತ ಹೆಡ್ ನರ್ಸ್, ಓದಿದವಳು, ಕಟ್ಟುನಿಟ್ಟಿನವಳು. ಅದಕ್ಕೆ ಅವಲಕ್ಕಿ, ಅದಕ್ಕೆ ಚಾದರ ಎಂದುಕೊಂಡಿದ್ದೆ. ಮರು ವರ್ಷ ಜೂನ್ ಕೊನೆಗೆ, ಮೊಮ್ಮಗಳಿಗೆ ಬುತ್ತಿ ಕೊಡಲು ಹೋದಾಗ, ಗೇಟಿನ ಬಳಿ ಒಬ್ಬ ಕುರುಬರ ಹೆಣ್ಣುಮಗಳು ಮಗನನ್ನು ಹಿಡಿದುಕೊಂಡು ನಿಂತಿದ್ದಳು. ಕುರಿಗಳ ಹಿಂದೆ ತಿರುಗುವವರ ಮಗ ನಡುವೆ ಬಿಟ್ಟುಹೋಗುತ್ತಾನೆಂದು ಬೇರೊಂದು ಶಾಲೆಯಲ್ಲಿ ವಾಪಸು ಕಳಿಸಿದ್ದರಂತೆ. "ಒಂದ ಮೂಲ್ಯಾಗ ಕುಂದರಸ್ರಿ ಯವ್ವಾ, ಸಾಕು," ಎಂದು ನೆಲ ನೋಡಿಕೊಂಡೇ ಹೇಳಿದಳು.

"ಮೊದಲ ಸಾಲಿ ನೋಡಬೇ," ಎಂದು ಅಕ್ಕೋರು ಗದರಿದರು. "ನೋಡಲಾರದ ಹಚ್ಚಿದವರನ ನಾ ಒಳಗ ಬಿಟಗೊಳ್ಳಂಗಿಲ್ಲ."

ಅದೇ ಮಾತು. ಅದೇ ಚಾದರ, ಅದೇ ಅವಲಕ್ಕಿ. ಆಕೆ ನಾಚಿಕೊಂಡು ಬೆಂಚಿನ ತುದಿಯಲ್ಲಿ ಕೂತಳು. ಅಕ್ಕೋರು ಐಬುಗಳನ್ನು ಒಂದೊಂದಾಗಿ ಹೇಳಿದರು. ಕೊನೆಗೆ ಆಕೆಯೂ ಎದ್ದು ಸುತ್ತು ಹಾಕಿ ಬಂದಳು. ಬಂದಾಗ ತಲೆ ಸ್ವಲ್ಪ ಎತ್ತಿತ್ತು. "ಹಿಂದಿನ ಗ್ವಾಡಿ ಭಾಳ ಗಿಡ್ಡ ಐತಿ ನೋಡ್ರಿ. ನಮ್ಮ ಟಗರ ಓಡಿ ಬಂದ ಹಾರತೈತಿ. ನನ್ನ ಮಗನೂ ಟಗರಿನಂತಾವನ."

ಅಕ್ಕೋರು ಬಿದ್ದು ಬಿದ್ದು ನಕ್ಕರು. ಆಕೆಯೂ ನಕ್ಕಳು. ನಾಳೆ ಹೇಳಿ ಕಳಿಸುತ್ತೇನೆ ಎಂದು, ಮಗನನ್ನು ಮುಂದೆ ಬಿಟ್ಟುಕೊಂಡು, ದೊಡ್ಡ ಹೆಜ್ಜೆ ಹಾಕಿ ಹೋದಳು.

ಆಕೆ ಹೋದತ್ತಲೇ ನೋಡುತ್ತ ಅಕ್ಕೋರು ಹೇಳಿದರು: "ಮೇ ತಿಂಗಳದಾಗ ಬರವರು ಆರಿಸಿ ಬರತಾರ ಬಾಯಾರ. ಜೂನ್ ಮುಗಿಯೂಮುಂದ ಬರವರನ್ನ ಯಾರೋ ಒಲ್ಲೆ ಅಂದಿರತಾರ. ಅವರ ನಡಿಗಿ ನನಗ ಗೇಟಿನ್ಯಾಗ ಗುರ್ತ ಹತ್ತತೈತಿ."

ನನ್ನ ಕಡೆ ನೋಡದೆಯೇ ಹೇಳಿದರು. ನಾನು ಬುತ್ತಿ ಅಲ್ಲೇ ಇಟ್ಟು ಮನೆಗೆ ಬಂದೆ. ನಾನೂ ಜೂನ್ ಮುಗಿಯುವಾಗ ಹೋದವಳು. ಅಕ್ಕಿ ಮೂಸುವಾಗ, ಪಾಚಿ ತೋರಿಸುವಾಗ, ಗಂಟೆ ತಡವಾಯಿತೆಂದು ಗದರುವಾಗ, ಅವರಿಗೆ ಎಲ್ಲ ಗೊತ್ತಿತ್ತು.

ನನ್ನ ಬಾಯಲ್ಲಿ ಆಗಲೇ ಒಂದು ಮಾತು ಊರಿ ನಿಂತಿತ್ತು. ಯಾರು ಕೇಳಿದರೂ, "ನಾನೇ ಖುದ್ದ ನೋಡಿ ಆರಿಸಿದ್ದು," ಎನ್ನುತ್ತಿದ್ದೆ. ಒಮ್ಮೆ ಮಗಳ ಅತ್ತೆ ಗೋಕಾಕದ ಸಂತೆಗೆ ಬಂದವರು ಮನೆಗೆ ಬಂದರು. ಅಕ್ಕೋರೂ ಮೊಸರು ಕೇಳಿಕೊಂಡು ಬಂದು ಕೂತಿದ್ದರು.

"ಏನ್ರಿ ಬೀಗತಿಯಾರ," ಎಂದರು ಮಗಳ ಅತ್ತೆ, "ದೊಡ್ಡ ಸಾಲಿ, ಬಸ್ಸು, ಬೂಟು ಅಂತ ಡಂಗುರ ಹೊಡದ್ರಿ. ಕಡೀಕ ಓಣ್ಯಾಗಿನ ಬಿಸಿಯೂಟದ ಸಾಲೀಗಿ ಹಚ್ಚೀರಿ?"

ನನ್ನ ಮಾತು ನಾಲಿಗೆಯ ಮೇಲೆ ಬಂದಿತ್ತು. ಅಕ್ಕೋರ ಎದುರು ಹೊರಗೆ ಬರಲಿಲ್ಲ. ಅವರೇ ಅದನ್ನು ಎತ್ತಿಕೊಂಡರು. "ಬಾಯಾರು ಸುಮ್ಮ ಒಪ್ಪಲಿಲ್ರಿ. ಅಕ್ಕಿ ಡಬ್ಬಿ ಸುದ್ದಾ ಮೂಸಿ ನೋಡ್ಯಾರ. ಪಾಸ್ ಮಾಡತಾರೋ ಇಲ್ಲೋ ಅಂತ ನಮಗ ನಿದ್ದಿ ಇದ್ದಿಲ್ಲ."

ಬೀಗತಿ ನಕ್ಕರು. "ಅದು ಖರೆ ಬಿಡ್ರಿ. ನಮ್ಮ ಮದವಿ ಅಡಗೀನೂ ಹಂಗ ಮೂಸಿದ್ರು." ಮೂವರೂ ನಕ್ಕೆವು. ನಾನು ಒಳಗೆ ಹೋಗಿ ಅಕ್ಕೋರಿಗೆಂದು ಪಾತ್ರೆಗೆ ಮೊಸರು ಹಾಕಿ ತಂದೆ.

ಬೀಗತಿ ಹೋದ ಮೇಲೆ, ಆ ಮಾತಿನ ಬೆನ್ನಿಗೇ ಎಂಬಂತೆ, ಅಕ್ಕೋರು ತಮ್ಮ ಒಂದು ಸಂಗತಿ ಹೇಳಿದರು. "ನನ್ನ ನೋಡಾಕ ಬಂದವರು ಭಾಳ ಮಂದಿ ಬಾಯಾರ. ಅವಲಕ್ಕಿ ತಿಂದು, ಚಾ ಕುಡದು, ಹೇಳಿ ಕಳಸ್ತೇವಿ ಅಂತ ಹೋಗವರು. ನಮ್ಮಪ್ಪ ಬಾಗಲದಾಗ ನಿಂತ ದಾರಿ ನೋಡವ. ಒಬ್ಬರೂ ಹೇಳಿ ಕಳಸಲಿಲ್ಲ. ನನಗ ಅದರದೇನೂ ಸಿಟ್ಟಿಲ್ಲ. ನಮ್ಮಪ್ಪ ನಿಂತದ್ದಷ್ಟ ಕಣ್ಣಾಗ ಐತಿ." ಮೊಸರಿನ ಪಾತ್ರೆ ಎತ್ತಿಕೊಂಡು ಎದ್ದರು. ಆಗ ನಾನು ಹೇಳಬಹುದಾಗಿತ್ತು. ನಮ್ಮನ್ನೂ ಒಂದು ಕಡೆ ಒಲ್ಲೆ ಎಂದರು, ಅದಕ್ಕೇ ನಿಮ್ಮ ಬಳಿ ಬಂದೆ ಎಂದು. ಹೇಳಲಿಲ್ಲ. "ಪಾತ್ರಿ ನಾಳಿ ಕಳಸ್ರಿ," ಎಂದೆ.

ಮೊಮ್ಮಗಳ ಉಗ್ಗು ಹೋಗಲಿಲ್ಲ. ಹೋಗುತ್ತದೆ ಎಂದು ಅಕ್ಕೋರು ಎಂದೂ ಹೇಳಲಿಲ್ಲ. ಅವಳು ಪಾಠ ಓದುವಾಗ ಯಾರೂ ಅವಳ ಮಾತನ್ನು ಮುಗಿಸಕೂಡದು, ಅಷ್ಟೇ ಅವರ ನಿಯಮ. ಗಂಟೆ ಬೇಕಾದರೆ ಕಾಯಲಿ. ನಿಯಮಗಳ ನಡುವೆಯೇ ಬದುಕಿದ ನನಗೆ ಅಂಥ ನಿಯಮವೊಂದು ಇರಬಹುದೆಂದು ತೋಚಿರಲಿಲ್ಲ. ಮೂರನೆಯ ತರಗತಿಯಲ್ಲಿ ಅವಳು ಪ್ರಾರ್ಥನೆಯ ಹೊತ್ತಿಗೆ ದಿನದ ಸುದ್ದಿ ಓದಿದಳು. ಶಾಲೆ ಎಂದಿಗಿಂತ ತಡವಾಗಿ ಶುರುವಾಯಿತು. ಗೇಟಿನ ಹೊರಗೆ ನಿಂತು ಕೇಳಿದೆ.

ಹೋದ ದೀಪಾವಳಿಯ ರಜೆಗೆ ಅಕ್ಕೋರು ಹುಕ್ಕೇರಿ ಕಡೆ ಅಣ್ಣನ ಮನೆಗೆ ಹೋದರು. ಅಲ್ಲಿಯೇ ಎದೆನೋವು ಬಂದು ತೀರಿಕೊಂಡರು. ಓಣಿಯವರು ಒಂದು ಟೆಂಪೋ ಮಾಡಿಕೊಂಡು ಮಣ್ಣಿಗೆ ಹೋದೆವು. ಅವರನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಕೂರಿಸಿ, ಹಣೆಗೆ, ತೋಳಿಗೆ, ಬೆರಳುಗಳಿಗೆ ವಿಭೂತಿ ಹಚ್ಚಿದ್ದರು. ಯಾವುದು ವಿಭೂತಿ, ಯಾವುದು ತೊನ್ನು ಎಂದು ತಿಳಿಯುತ್ತಿರಲಿಲ್ಲ. ಎಷ್ಟೋ ಹೆಣಗಳನ್ನು ಕಂಡ ಕಣ್ಣು ನನ್ನದು. ಆ ಬೆರಳುಗಳನ್ನು ನೋಡಲಾಗಲಿಲ್ಲ. ಪಕ್ಕದಲ್ಲಿ ಕೂತು, ನಮ್ಮನ್ನೂ ಒಲ್ಲೆ ಎಂದಿದ್ದರು ಎಂದು ಕಿವಿಯಲ್ಲಿ ಹೇಳಿಬಿಡಲೇ ಎನಿಸಿತು. ಸುತ್ತ ಜನರಿದ್ದರು. ಆಗಲೂ ಹೇಳಲಿಲ್ಲ.

ಈಗ ಬಂದಿರುವ ಮುಖ್ಯೋಪಾಧ್ಯಾಯರು ಒಳ್ಳೆಯವರು. ಅಕ್ಕೋರ ಪದ್ಧತಿ ಕೈಬಿಡುವುದು ಬೇಡ, ಶಾಲೆ ನೋಡಲು ಬಂದವರನ್ನು ನೀವು ಕೂರಿಸಿ ಮಾತಾಡಿಸಿ ಎಂದು ನನ್ನನ್ನು ಕೇಳಿದರು. ಹೇಳಿದ ಹೊತ್ತಿಗೆ ಹೋಗಿ ಬೇವಿನ ಕೆಳಗೆ ಕೂರುತ್ತೇನೆ. ಚಾದರ ನಾನೇ ಒಗೆಯುತ್ತೇನೆ. ನಾಲ್ಕನೆಯ ತರಗತಿಯ ಮೊಮ್ಮಗಳು ಅವಲಕ್ಕಿ ತಂದುಕೊಡುತ್ತಾಳೆ; ನನ್ನ ಮೊಮ್ಮಗಳೆಂದು ಬಂದವರಿಗೆ ಹೇಳುತ್ತೇನೆ.

ಈ ಜೂನ್ ಕೊನೆಯ ವಾರ ಒಬ್ಬ ತಂದೆ ಮಗನನ್ನು ಕರೆದುಕೊಂಡು ಬಂದ. ಇಸ್ತ್ರಿಯ ಅಂಗಿ, ಪಾಲಿಶ್ ಮಾಡಿದ ಬೂಟು. ನಮಸ್ಕಾರವನ್ನೂ ಹೇಳದೆ ನಳ ತಿರುಗಿಸಿ ನೋಡಿದ, ಬೆಂಚಿನ ಕಾಲು ಅಲುಗಾಡಿಸಿ ನೋಡಿದ, ಸೋರುವ ಮೂಲೆಯ ಕಡೆ ಬೆರಳು ಮಾಡಿ, "ಇದೇನಿದು, ಹಿಂಗ ಇಟಗೋತಾರೇನು ಸಾಲಿ?" ಎಂದು ಜೋರು ಮಾಡಿದ. ಮಗು ಅವನ ಪ್ಯಾಂಟಿನ ಹಿಂದೆ ನಿಂತಿತ್ತು. ಆ ನಡಿಗೆಯ ಗುರುತು ನನಗೂ ಹತ್ತಿತು. ಐಬುಗಳನ್ನೆಲ್ಲ ಹೇಳಿದೆ. ನೋಡಲು ಬಿಟ್ಟೆ. ತಿರುಗಿ ಬಂದು ಕೂತಾಗ ಅವನ ದನಿ ಇಳಿದಿತ್ತು. "ಇವತ್ತ ಹೆಸರ ಹಚ್ಚಕೋತಾರೇನ್ರಿ?"

"ಇವತ್ತ ಬ್ಯಾಡ್ರಿ. ಮನಿಗಿ ಹೋಗಿ ಮಾತಾಡ್ರಿ. ನಾಳಿ ಹೇಳಿ ಕಳಸ್ರಿ."

ಅವನು ಅವಲಕ್ಕಿಯ ತಟ್ಟೆಯನ್ನು ಕೈಗೆತ್ತಿಕೊಂಡ. ಆಮೇಲೆ ಚಹಾ ತಂದ ಮೊಮ್ಮಗಳನ್ನು ನೋಡಿ, ನನ್ನನ್ನು ನೋಡಿ 'ಖರೆ ಹೇಳ್ರಿ ಅಜ್ಜಿ' ಎನ್ನುವವರ ದನಿಯಲ್ಲಿ ಕೇಳಿದ: "ನೀವು ಯಾಕ ಇಲ್ಲೇ ಹಚ್ಚಿದ್ರಿ ನಿಮ್ಮ ಮೊಮ್ಮಗಳನ?"

ನನ್ನ ಮಾತು ಸಿದ್ಧವಾಗಿಯೇ ಇತ್ತು. ನಾನೇ ಖುದ್ದ... ಎಂದು ತೊಡಗಿದೆ.

"ಆ... ಆ... ಆಯಿ, ನಾ ಹೇಳತೇನಿ," ಎಂದಳು ಮೊಮ್ಮಗಳು. ಚಹಾದ ಲೋಟವನ್ನು ಬೆಂಚಿನ ಮೇಲೆ ಇಟ್ಟಳು. "ಆ ದೊ... ದೊಡ್ಡ ಸಾಲ್ಯಾಗ ನನ್ನ ತ... ತ... ತಗೋಲಿಲ್ರಿ. ಇಲ್ಲಿ ತಗೊಂಡ್ರು. ಅ... ಅಕ್ಕೋರಿಗಿ ನಾ ಒಂದನೇತ್ತ್ಯಾಗ ಇದ್ದಾಗ ಹೇಳೇನಿ. ಅವರು, ನನಗ ಹೇಳೀದಿ ಅಂತ ಆಯಿಗಿ ಹೇಳಬ್ಯಾಡ, ನಿ... ನಿನಗ ಬೇಕಾದಾಗ ನೀ ಹೇಳು ಅಂದಿದ್ರು."

ಗಂಟೆಯ ಹುಡುಗ ಸರಳು ಎತ್ತಿ ನಿಂತಿದ್ದ. ಅವಳ ಮಾತು ಮುಗಿಯುವವರೆಗೆ ಹೊಡೆಯಲಿಲ್ಲ. ಅದು ಅಲ್ಲಿ ಎಲ್ಲರಿಗೂ ಗೊತ್ತಿರುವ ನಿಯಮ.

ಆ ತಂದೆ ತಟ್ಟೆ ಕೆಳಗಿಟ್ಟು ಮಗನನ್ನು ಮುಂದಕ್ಕೆ ಕರೆದು ಪಕ್ಕದಲ್ಲಿ ಕೂರಿಸಿಕೊಂಡ. ಗಂಟೆ ಎಷ್ಟು ತಡವಾಗಿ ಹೊಡೆಯಿತೋ ನನಗೆ ತಿಳಿಯದು. ನಾನು ಗಡಿಯಾರ ನೋಡಲಿಲ್ಲ. ನೆಲ ನೋಡುತ್ತಿದ್ದೆ.